ಮಣ್ಣಿನ ಘಮದ ಸಿಪ್ಪೆ

ಆಕ್ಸಿಜನ್ ಬಾಟಲಿಯ ನೀರಿನಲ್ಲಿ ಗುಳ್ಳೆ, ಒಂದು ಒಡೆಯುವಷ್ಟರಲ್ಲಿ ಇನ್ನೊಂದು, ಧಾರವಾಡದ ಲ್ಯಾಬಿನಲ್ಲೂ ಹೀಗೇ ಗುಳ್ಳೆ ಏಳುತ್ತವೆ, ಅಲ್ಲಿ ಕಂಡರೆ ಕಾಜಲ್‌ಗೆ ಖುಷಿ, ಹಳಿಯಾಳದ ಈ ಆಸ್ಪತ್ರೆಯಲ್ಲಿ ನೋಡಲಾರಳು, ಮಂಚದ ಮೇಲೆ ಅಪ್ಪನ, ಅವಳ ಬಾಪುವಿನ ಎದೆ ಏರುತ್ತದೆ, ಅರ್ಧಕ್ಕೇ ನಿಲ್ಲುತ್ತದೆ — ಟಿಬಿ ಅಲ್ಲ, ಎಂದರು ಡಾಕ್ಟರು ಬೆಳಿಗ್ಗೆ, ಬೂಷ್ಟು ಹಿಡಿದ ಕಬ್ಬಿನ ಸಿಪ್ಪಿ ಧೂಳು, ಶ್ವಾಸಕೋಶ ಗಟ್ಟಿಯಾಗೇತಿ, ಇನ್ನ ಮೊದಲಿನಂಗ ಆಗೂದಿಲ್ಲ, ನೀವು ಇದನ್ನ ಓದಿದವ್ರಲ್ಲೇನ್ರಿ? ಓದಿದವಳೇ. ಎಂಟು ವರ್ಷ ಅದೊಂದನ್ನೇ ಓದಿದ್ದು, ಕಬ್ಬಿನ ಸಿಪ್ಪೆಯನ್ನು ಕರಗಿಸಿ ಸಕ್ಕರೆನೀರು ಮಾಡುವ ಕಿಣ್ವ, ಅದನ್ನು ತಿದ್ದಬೇಕು, ಚುರುಕು ಮಾಡಬೇಕು, ಬಿಸಿಗೆ ಸಾಯದಂತೆ ಗಟ್ಟಿಮಾಡಬೇಕು, ಅಂಥ ಕಿಣ್ವದ ಸೂಕ್ಷ್ಮಜೀವಿ ಎಲ್ಲಿದೆ ಎಂದರೆ ಹಸಿ ಸಿಪ್ಪೆಯ ಬಣವೆ ಒಳಗೊಳಗೇ ಕಾಯುತ್ತದಲ್ಲ, ಅದರ ಹೊಟ್ಟೆಯಲ್ಲಿ, ತನ್ನೂರು ಸಾಂಬ್ರಾಣಿಯ ಆಲೆಮನೆಯ ಹಿಂದೆ ಅಂಥದೇ ಬಣವೆ, ಅದನ್ನು ಒಟ್ಟುವವ, ತಿರುವುವವ, ಒಲೆಗೆ ಹಾಕುವವ ಖೇಮಪ್ಪ, ಅವಳ ಬಾಪು — ಅಂಗೈಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಳಂತೆ ಎಂದು ಲ್ಯಾಬಿನಲ್ಲಿ ಎಲ್ಲರೂ ನಕ್ಕಿದ್ದರು, ಅವಳೂ ನಕ್ಕಿದ್ದಳು. ಚೀಲದಲ್ಲಿ ಎರಡು ಮುಷ್ಟಿ ಕಳಿಸು ಎಂದಾಗ ಬಾಪು ಕೇಳಿದ್ದ, ಯಾವ ಸಿಪ್ಪಿ ಬೇಕು ಮಗಳ, ನನಗ ಹೆಂಗ ಗೊತ್ತಾಗಬೇಕು? ವಾಸನಿ ನೋಡು ಬಾಪು, ಹುಳಿ ಬಂದ್ರ ಬ್ಯಾಡ, ಹಳೇ ಮಣ್ಣಿನಂಥ ಘಮ ಬರ್ತೈತಲ್ಲ, ಅದು. ಇಷ್ಟೇ ಹೇಳಿದ್ದು. ಮೂಗಿಗೆ ಬಟ್ಟೆ ಕಟ್ಟಿಕೋ ಎನ್ನಲಿಲ್ಲ, ಆ ಪಂಡಿತೆ, ಅವನು ಕಳಿಸಿದ ಚೀಲವನ್ನು ತೆರೆಯುವಾಗ ತಾನು ಮಾತ್ರ ಮಾಸ್ಕು ಹಾಕಿ, ಗಾಜಿನ ಪೆಟ್ಟಿಗೆಯೊಳಗೆ ಕೈಗವಸಿನ ಕೈ ತೂರಿಸಿದವಳು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು.

ಫೋನು ನಡುಗುತ್ತದೆ, ಶೈಲಾ, ಲ್ಯಾಬಿನ ಜೊತೆಗಾತಿ, ಕಾಜಲ್, ನೀ ತಿದ್ದಿದ ಹನ್ನೆರಡನೇ ಕಿಣ್ವ ಎಪ್ಪತ್ತು ಡಿಗ್ರಿಗೂ ನಿಂತೈತಿ ನೋಡ, ಸಿಪ್ಪಿ ಪೂರಾ ಕರಗ್ತು! — ಬಾಪು ಕಣ್ಣು ತೆರೆದಿದ್ದಾನೆ, ಕರಗ್ತ? ಕರಗ್ತು ಬಾಪು. ಅವನು ನಗುತ್ತಾನೆ, ನಗಲಿಕ್ಕೂ ಉಸಿರು ಬೇಕು, ಕೆಮ್ಮುತ್ತಾನೆ, ಅವನ ಚೀಲದಲ್ಲಿ ಸಿಕ್ಕ ಜೀವಿ, ಅದರ ಕಿಣ್ವವನ್ನು ಅವಳು ಕಬ್ಬಿಣದಂತೆ ಗಟ್ಟಿಮಾಡಿದಳು, ಎಲ್ಲವನ್ನೂ ಕರಗಿಸುತ್ತದಂತೆ, ಈ ಎದೆಯೊಳಗಿನ ಗಟ್ಟಿಯೊಂದನ್ನು ಬಿಟ್ಟು. ಆದರೂ ಎರಡು ಮುಷ್ಟಿ ತಾನೇ, ಒಂದು ಚೀಲಕ್ಕೆ ಎರಡೇ ಮುಷ್ಟಿ, ಅಷ್ಟರಿಂದ ಆಗಿರಲಾರದು, ಕೆಲಸದ ಧೂಳಿನಿಂದಲೇ ಆಗಿದೆ, ನನ್ನಿಂದಲ್ಲ, ಬೆಳಗಿನಿಂದ ಇದೊಂದನ್ನೇ ಹಿಡಿದು ಕೂತಿದ್ದಾಳೆ. ಗಂಜಿ ತಂದ ಪಕ್ಕದ ಮನೆಯ ಗೋದುಬಾಯಿ ಕಾಕಿ ಅವನ ಕಾಲು ತಿಕ್ಕುತ್ತ ಹೇಳುತ್ತಾಳೆ, ನಾನೂ ಅದ ಗಾಣದಾಗ ದುಡೀತೇನವ್ವ, ನನಗ ಏನೂ ಆಗಿಲ್ಲ ನೋಡು, ನಿನ್ನ ಬಾಪು ಮೂರು ಸುಗ್ಗಿ, ಶನಿವಾರ ಕೆಲಸ ಬಿಟ್ಟ ಮ್ಯಾಲೆ ಬಣವಿ ಪೂರಾ ಬಗದು, ಮುಷ್ಟಿ ಮುಷ್ಟಿ ಮೂಗಿಗೆ ಹಿಡದು ನೋಡಾಂವ, ಸಾಕ ಬಿಡೋ ಅಂದ್ರ, ತಪ್ಪಿ ಕೆಟ್ಟದ್ದು ಹೋದ್ರ ಮಗಳ ಪರೀಕ್ಷಾ ಹಾಳಾಗ್ತೈತಿ ಅನ್ನಾಂವ. ಮೂರು ಸುಗ್ಗಿ. ಕಾಜಲ್ ಎಣಿಸಲು ಹೋಗುತ್ತಾಳೆ, ಎಣಿಕೆ ನಿಲ್ಲುತ್ತದೆ, ಬಣವೆಯ ಮೇಲೆ ಮೊಣಕಾಲೂರಿದ ಬಾಪು, ಬೂಷ್ಟಿನ ಬಿಳಿ ಪುಡಿ ಮೆತ್ತಿದ ಮುಷ್ಟಿ, ಕಣ್ಣು ಮುಚ್ಚಿ ಎದೆತುಂಬ ಎಳೆದ ಉಸಿರು — ಇದಲ್ಲ, ಎಸೆಯುತ್ತಾನೆ, ಇನ್ನೊಂದು ಮುಷ್ಟಿ, ಮೂಗಿನ ತನಕ, ಇದೂ ಅಲ್ಲ, ಇನ್ನೊಂದು ಮುಷ್ಟಿ, ಮೂಗಿನ ತನಕ —