ಬೆನ್ನು

ಬೇಕರಿಯಲ್ಲಿ ಎಲ್ಲಕ್ಕಿಂತ ಪ್ರೀತಿಯ ಮಾತು ಯಾವುದೆಂದು ಕೇಳಿದರೆ ಹಿಟ್ಟುಮೂಗಿ ಈಗಲೂ ಥಟ್ಟನೆ 'ಬೆನ್ನು' ಎನ್ನುತ್ತಾಳೆ. ನಗುವವರು ನಗಲಿ. ಕಾದ ಟ್ರೇ ಹಿಡಿದು ಒಬ್ಬರ ಹಿಂದಿನಿಂದ ಹಾದುಹೋಗುವಾಗ 'ಬೆನ್ನು' ಅಂತ ಕೂಗಬೇಕು, ಕೇಳಿಸಿಕೊಂಡವರು ತಿರುಗದೆ ನಿಂತಲ್ಲೇ ನಿಲ್ಲಬೇಕು. ಅದು ಹಳೇ ಯಜಮಾನರ ಕಾಯಿದೆ. ಬ್ರೆಡ್ಡು ಸೀದು ಕರಕಲಾದರೂ ಸುಮ್ಮನಿರುತ್ತಿದ್ದ ಪುಣ್ಯಾತ್ಮರು, ಯಾರಾದರೂ ಕೂಗದೆ ಹೋದರೆ ಮಾತ್ರ ಆಕಾಶ ಭೂಮಿ ಒಂದು ಮಾಡುತ್ತಿದ್ದರು.

ಕೇಕಿನ ಮೇಲೆ ಕ್ರೀಮಿನ ಹೂವು ಬಿಡಿಸಲು ಸೇರಿದವಳು ಅವಳು. ಯಾವಾಗ ನೋಡಿದರೂ ಮೂಗಿನ ತುದಿಯಲ್ಲಿ ಮೈದಾ. ಹಿಟ್ಟುಮೂಗಿ ಎಂದು ಹೆಸರಿಟ್ಟವನು ಓವನ್ ನೋಡಿಕೊಳ್ಳುತ್ತಿದ್ದ ಮೇಸ್ತ್ರಿ. ಬೇರೆಯವರ ಹಿಂದೆ ಹೋಗುವಾಗ ಗಂಟಲು ಹರಿಯುವಂತೆ ಅರಚುತ್ತಿದ್ದವನು ಅವಳ ಹತ್ತಿರ ಬಂದಾಗ ರಾಗ ಎಳೆದು, ಮೆಲ್ಲಗೆ, "ಬೆ...ನ್ನು" ಅನ್ನುತ್ತಿದ್ದ. ಕೆನ್ನೆ ಕೆಂಪಾಗಲು ಓವನ್ನಿನ ಬಿಸಿ ಬೇಕಿರಲಿಲ್ಲ. ಅವರಿಬ್ಬರ ಪ್ರೇಮ ಅಂದರೆ ಅಷ್ಟೇ, ಆ ಎರಡಕ್ಷರ.

ಮದುವೆಯಾದ ಮೇಲೆ ಮನೆಯಲ್ಲೂ ಅದೇ ಆಟ. ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲದ ಅಡುಗೆಮನೆ. ಒಂದು ಲೋಟ ನೀರು ಹಿಡಿದು ಹಾದುಹೋಗುವಾಗಲೂ "ಬೆನ್ನು" ಅನ್ನುತ್ತಿದ್ದ.

"ತಣ್ಣೀರಿಗೂನಾ?"

"ರೂಲ್ಸ್ ಅಂದ್ರೆ ರೂಲ್ಸ್ ಕಣೇ, ಅಲ್ಲಾಡ್ಬೇಡ."

ಅವಳು ನಗು ತಡೆದುಕೊಂಡು ಕಂಬದಂತೆ ನಿಲ್ಲುತ್ತಿದ್ದಳು. ಎಂಥ ದಿನಗಳು ಅವು. ಅವನು ಕೆಟ್ಟವನಾಗಿಯೇ ಬಂದಿದ್ದರೆ ಎಷ್ಟು ಸುಲಭವಿತ್ತು, ಬಿಟ್ಟು ಬಂದು ಕೈ ತೊಳೆದುಕೊಳ್ಳಬಹುದಿತ್ತು.

ಮೊದಲು ನಿಂತದ್ದು ಆ ಮಾತು. ಹಿಂದಿನಿಂದ ಬರೀ ಹೆಜ್ಜೆ ಸಪ್ಪಳ ಬರತೊಡಗಿತು, ಆಮೇಲೆ ಕೈ ಬಂತು. ಸಾರಿಗೆ ಉಪ್ಪು ಕಮ್ಮಿ ಎಂದು ಒಂದು ದಿನ, ಯಾರ ಜೊತೆಯೋ ನಕ್ಕಳೆಂದು ಇನ್ನೊಂದು ದಿನ. ಬೇಕರಿಯವರ ಮೈಮೇಲೆ ಕಲೆ ಇದ್ದರೆ ಯಾರೂ ಏನೂ ಕೇಳುವುದಿಲ್ಲ, ಅದೇ ಅವನಿಗೆ ಅನುಕೂಲವಾಯಿತು. ಕೊನೆಗೆ ಬೇಕರಿಯಲ್ಲೇ, ಬೇರೆ ಯಾರೂ ಇಲ್ಲದಾಗ, ಕಾದ ಟ್ರೇ ಅವಳ ಬೆನ್ನಿಗೆ ಒತ್ತಿತು. ಓಡಿಬಂದವರಿಗೆ ಅವಳೇ ಹೇಳಿದಳು, "ನಾನೇ ತಿರುಗಿಬಿಟ್ಟೆ."

ಎಲ್ಲರೂ ನಂಬಿದರು. ಸುದ್ದಿ ಕೇಳಿ ಮನೆಗೆ ಬಂದ ಅವಳ ಅಕ್ಕ ಮಾತ್ರ ಮುಲಾಮು ಹಚ್ಚುತ್ತ ತಡೆದು ಕೇಳಿದಳು. "ತಿರುಗಿದ್ರೆ ಎದೆ ಸುಡ್ಬೇಕಿತ್ತಲ್ವೇನೇ? ಬೆನ್ನು ಹೇಗೆ ಸುಡ್ತು?"

ಅವತ್ತೇ ಅಕ್ಕನ ಮನೆ ಸೇರಿದಳು. ಅಕ್ಕ ಹಾಕಿಸಿದ ಅರ್ಜಿಯ ಮೇಲೆ, ಅವನು ಹತ್ತಿರ ಸುಳಿಯಬಾರದೆಂದು ಕೋರ್ಟು ಮೊದಲು ತಾತ್ಕಾಲಿಕ ಆದೇಶ ಕೊಟ್ಟಿತ್ತು. ಇವತ್ತಿನ ವಿಚಾರಣೆಯಲ್ಲಿ ಅದು ಖಾಯಂ ಆಗದಿದ್ದರೆ ನಾಳೆ ಮೇಸ್ತ್ರಿ ಬಾಗಿಲಿಗೆ ಬರುತ್ತಾನೆ, ಇವಳು ಅವನ ಹಿಂದೆ ಹೊರಟುಬಿಡುತ್ತಾಳೆ. ಅದು ಅಕ್ಕನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಕೋರ್ಟಿನ ಮೊಗಸಾಲೆಯಲ್ಲಿ ಕಿಟಕಿಯ ಕಡೆ ಮುಖಮಾಡಿ ನಿಂತಿದ್ದಳು. ಹಿಂದಿನಿಂದ ರಾಗ ಎಳೆದು, ಮೆಲ್ಲಗೆ ಕೇಳಿಸಿತು.

"ಬೆ...ನ್ನು."

ತಣ್ಣೀರಿನ ಲೋಟ, ಮೂಗಿನ ಮೈದಾ, ಹಾಳಾದ್ದು ಎಲ್ಲ ಒಟ್ಟಿಗೇ ನೆನಪಾಯಿತು. ತಿರುಗಿದ್ದರೆ ಮುಗಿದೇ ಹೋಗುತ್ತಿತ್ತು, ಆ ಮುಖ ನೋಡಿ ಕರಗಿಬಿಡುತ್ತಿದ್ದಳು. ತಿರುಗಲಿಲ್ಲ. ಧೈರ್ಯದಿಂದ ಅಂದುಕೊಳ್ಳಬೇಡಿ, ಬರೀ ಅಭ್ಯಾಸದಿಂದ. ಪಕ್ಕದಲ್ಲಿದ್ದ ಅಕ್ಕ ಅವನನ್ನು ಸುಡುವ ಹಾಗೆ ನೋಡಿದಳು. ಅವನು ಮೆಲ್ಲಗೆ ಜಾರಿಕೊಂಡ.

ಒಳಗೆ ನ್ಯಾಯಾಧೀಶೆಯ ಮುಂದೆ ಮೇಸ್ತ್ರಿ ಬಹಳ ಮೆತ್ತಗಿದ್ದ. "ಮೇಡಂ, ಬೇಕರಿ ಅಂದ್ಮೇಲೆ ಸುಡುತ್ತೆ. ನಾನು ಕೂಗ್ದೆ, ಇವ್ಳು ತಿರುಗಿಬಿಟ್ಳು. ಬೇಕಾದ್ರೆ ಇವ್ಳನ್ನೇ ಕೇಳಿ, ಅವತ್ತು ಎಲ್ಲರ ಎದುರಿಗೆ ಹಾಗೇ ಹೇಳಿದ್ದಾಳೆ."

"ಹೌದೇನಮ್ಮಾ?" ನ್ಯಾಯಾಧೀಶೆ ಕೇಳಿದರು.

ಹೌದು ಎನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅವಳು ಅಕ್ಕನನ್ನು ನೋಡಿದಳು. ಅಕ್ಕ ಏನೂ ಸನ್ನೆ ಮಾಡಲಿಲ್ಲ, ಸೆರಗಿನ ಅಂಚನ್ನು ಹಿಂಡುತ್ತ ಕೂತಿದ್ದಳು.

"ಹಾಗೆ ಹೇಳಿದ್ದು ನಿಜ. ಆದ್ರೆ ಅದು ಸುಳ್ಳು," ಎಂದಳು. "ಇವ್ರು ಕೂಗಿದ್ರೆ ನಾನು ತಿರುಗೋದೇ ಇಲ್ಲ ಮೇಡಂ. ಈಗ ಹೊರಗಡೆ ನನ್ನ ಹಿಂದೆ ಬಂದು ಕೂಗಿದ್ರು. ಆಗ್ಲೂ ತಿರುಗ್ಲಿಲ್ಲ, ಅಕ್ಕ ನೋಡಿದ್ದಾಳೆ. ಅವತ್ತೂ ತಿರುಗಿರ್ಲಿಲ್ಲ. ಅದಕ್ಕೇ ಸುಟ್ಟಿದ್ದು ಬೆನ್ನು. ಟ್ರೇ ಒತ್ತಿದ್ದು ಇವ್ರೇ. ಅವತ್ತು ಇವ್ರು ಕೂಗ್ಲೇ ಇಲ್ಲ."

ನ್ಯಾಯಾಧೀಶೆ ಡಾಕ್ಟರ ವರದಿ ನೋಡಿದರು, ಆಮೇಲೆ ಮೇಸ್ತ್ರಿಯನ್ನು ನೋಡಿದರು. "ಹತ್ತಿರ ಹೋಗಬಾರದು ಅಂತ ಆದೇಶ ಇದ್ದಾಗ ಹೊರಗಡೆ ಇವರ ಹಿಂದೆ ಯಾಕೆ ಹೋದ್ರಿ?"

ಆದೇಶ ಖಾಯಂ ಆಯಿತು. ಅಕ್ಕನ ಮನೆಯ ಕಡೆಗಾಗಲಿ, ಅವಳು ಕೆಲಸ ಮಾಡುವ ಬೇಕರಿಯ ಕಡೆಗಾಗಲಿ ಅವನು ಕಾಲಿಡುವಂತಿಲ್ಲ. ಗೆದ್ದೆನೆಂದು ಅವಳಿಗೆ ಅನ್ನಿಸಲಿಲ್ಲ. ತಣ್ಣೀರು ಹಿಡಿದು ಬರುತ್ತಿದ್ದ ಆ ಹಳೇ ಮೇಸ್ತ್ರಿಯನ್ನೂ ಕಳೆದುಕೊಂಡಂತಾಯಿತು.

ಸಂಜೆ ಅಕ್ಕನ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು. ಅನ್ನದ ಪಾತ್ರೆ ಹಿಡಿದ ಅಕ್ಕ ಹಿಂದೆ ಬಂದು ನಿಂತಳು. ಬೇಕರಿಯ ಮೆಟ್ಟಿಲು ಹತ್ತಿದವಳೇ ಅಲ್ಲ ಅವಳು, ಒಂದಿಷ್ಟು ನಾಚಿಕೊಂಡೇ ಹೇಳಿದಳು.

"ಬೆನ್ನು ಕಣೇ."

ಹಿಟ್ಟುಮೂಗಿ ಚಾಕು ಹಿಡಿದು ನಿಂತಲ್ಲೇ ನಿಂತಳು. ಕಣ್ಣಿಂದ ನೀರು ಇಳಿಯಿತು, ಅದು ಈರುಳ್ಳಿಯದಲ್ಲ.

"ಇನ್ನೊಂದ್ಸಲ ಹೇಳೇ ಅಕ್ಕಾ."

"ಮೊದ್ಲು ಇದನ್ನ ಕೆಳಗಿಡ್ತೀನಿ ಇರು," ಎಂದಳು ಅಕ್ಕ, "ಕೈ ಸುಡ್ತಿದೆ."