ಅತ್ತೆಯ ಲಿವರು, ಅಳಿಯನ ಕಿಡ್ನಿ

ಮದುವೆಯಾದ ಹೊಸದರಲ್ಲಿ ನನ್ನ ಅಮ್ಮ ನನ್ನ ಗಂಡನನ್ನು ‘ಅಳಿಯಂದಿರು’ ಎಂದು ಬಹುವಚನದಲ್ಲೇ ಮಾತಾಡಿಸುತ್ತಿದ್ದಳು. ತನ್ನ ಲಿವರಿನ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಅವರಿಗೆ ಕೊಟ್ಟ ಮೇಲೆ ಏಕವಚನಕ್ಕೆ ಇಳಿದಳು. “ನನ್ನ ಲಿವರಿಗೆ ನಾನೇ ಬನ್ನಿ, ಹೋಗಿ ಅಂದ್ರೆ ಜನ ನಗ್ತಾರೆ” ಎನ್ನುವುದು ಅವಳ ಸಮಜಾಯಿಷಿ.

ಇವರದು ಹಳೆಯ ಸೋಫಾ, ಕುರ್ಚಿಗಳಿಗೆ ಹೊಸ ಬಟ್ಟೆ ಹೊದಿಸುವ ಕೆಲಸ. ಹೆಂಡ ಮುಟ್ಟಿದವರಲ್ಲ. ಆದರೂ ಲಿವರು ಕೈಕೊಟ್ಟಿತು. ದೇಹ ತನ್ನ ಲಿವರಿನ ಮೇಲೆ ತಾನೇ ತಿರುಗಿಬೀಳುವ ರೋಗವಂತೆ. ನನ್ನ ರಕ್ತದ ಗುಂಪು ಅವರಿಗೆ ಹೊಂದಲಿಲ್ಲ, ಅಮ್ಮನದು ಹೊಂದಿತು. ಅಮ್ಮ ಕಾರು ಓಡಿಸುವುದನ್ನು ಕಲಿಸುವವಳು. ಕಲಿಯುವವರ ಪಕ್ಕದಲ್ಲಿ ಅವಳು ಕೂರುವ ಸೀಟಿನ ಮುಂದೆಯೂ ಒಂದು ಬ್ರೇಕು ಇದೆ. ಕಾರಿನಿಂದ ಇಳಿದ ಮೇಲೂ ಊರಿನವರೆಲ್ಲರ ಬ್ರೇಕು ತನ್ನ ಕಾಲಡಿಯಲ್ಲೇ ಇದೆಯೆಂದು ಅವಳ ನಂಬಿಕೆ.

ಆಪರೇಷನ್ ಆಗಿ ಇಬ್ಬರೂ ಚೇತರಿಸಿಕೊಂಡರು. ಅಮ್ಮ ನಮ್ಮ ಮನೆಯಲ್ಲೇ ಉಳಿದಳು, ಲಿವರಿನ ಮೇಲ್ವಿಚಾರಣೆಗೆ. ಇವರು ಕರಿದ ತಿಂಡಿಗೆ ಕೈಹಾಕಿದರೆ, “ನೋಡ್ಕೊಂಡು ತಿನ್ನು, ಒಳಗಿರೋದು ನನ್ನದು” ಎನ್ನುವಳು. ಇವರು ಎಂದಾದರೂ ದನಿ ಎತ್ತಿದರೆ, “ಈ ಶಕ್ತಿ ಎಲ್ಲಿಂದ ಬಂತು ಅಂತ ಸ್ವಲ್ಪ ಯೋಚನೆ ಮಾಡು” ಎನ್ನುವಳು.

“ಅದನ್ನೇ ಯೋಚಿಸ್ತಿದ್ದೆ ಅತ್ತೆ. ಆಪರೇಷನ್ ಆದಾಗಿಂದ ನನಗೂ ಸುಮ್ಮಸುಮ್ಮನೆ ಎಲ್ಲರ ಮೇಲೂ ರೇಗೋಣ ಅನ್ಸುತ್ತೆ” ಎಂದು ಇವರೂ ಬಿಡುತ್ತಿರಲಿಲ್ಲ.

ಹೀಗೇ ಐದು ವರ್ಷ ಕಳೆಯಿತು. ಒಂದು ದಿನ ಇವರು ಆಸ್ಪತ್ರೆಯ ತಪಾಸಣೆ ಮುಗಿಸಿ ಬಂದು, “ಎಲ್ಲಾ ಸರಿಯಿದೆ” ಎಂದವರೇ ಮನೆಯ ಮುಂದಿನ ತಮ್ಮ ಅಂಗಡಿಗೆ ಹೋಗಿ ಕೂತರು. ಎಲ್ಲಾ ಸರಿಯಿದ್ದವರು ಕಾಫಿ ಕೇಳದೆ ಹೋಗುವುದುಂಟೇ? ನಾನು ಹಿಂದೆಯೇ ಹೋದೆ. ಕೈಯಲ್ಲಿ ದೊಡ್ಡ ಸೂಜಿ ಹಿಡಿದು, ದಾರ ಪೋಣಿಸದೆ ಕೂತಿದ್ದರು.

ಸಂಗತಿ ಹೊರಬಿತ್ತು. ದೇಹ ಆ ಲಿವರನ್ನು ಪರರದೆಂದು ತಳ್ಳಿಬಿಡದಿರಲಿ ಎಂದು ದಿನಾ ನುಂಗುವ ಮಾತ್ರೆಯಿದೆಯಲ್ಲ, ಅದೇ ಇವರ ಕಿಡ್ನಿಗಳನ್ನು ಕೆಡಿಸುತ್ತಿತ್ತು. ಹೆಚ್ಚುಕಡಿಮೆ ಅರ್ಧ ಶಕ್ತಿ ಹೋಗಿದೆಯಂತೆ.

“ಈ ಮನೆ ಕಾಯೋಕೆ ಅಂತ ಇಟ್ಟ ಕಾವಲುಗಾರ ಪಕ್ಕದ ಮನೆಗೆ ಕನ್ನ ಹಾಕಿದಾನೆ” ಎಂದರು. “ಡೋಸ್ ಇಳಿಸಿ ಜೊತೆಗೆ ಇನ್ನೊಂದು ಮಾತ್ರೆ ಕೊಡ್ತಾರಂತೆ. ಮುಂದಿನ ವಾರ ಬರೋಕೆ ಹೇಳಿದಾರೆ. ಅತ್ತೆಗೆ ಮಾತ್ರ ಹೇಳ್ಬೇಡ.”

“ಯಾಕೆ?”

“ಗೊತ್ತಾದ್ರೆ ಕಿಡ್ನಿನೂ ತಗೋ ಅಂತ ಎದ್ದು ನಿಲ್ತಾರೆ. ಈಗ್ಲೇ ಮನೇಲಿ ನನ್ನ ಮಾತು ನಡೆಯಲ್ಲ. ಅದೂ ಅವರದೇ ಆದ್ರೆ, ನನ್ನದು ಅಂತ ಉಳಿಯೋದು ಈ ಮೀಸೆ ಒಂದೇ.”

ನಕ್ಕು ಒಪ್ಪಿಕೊಂಡೆ. ಆದರೆ ಗುಟ್ಟು ಮೂರು ದಿನ ನಿಲ್ಲಲಿಲ್ಲ. ಮೊಳೆ ಹೊಡೆದು ಹೊಡೆದು ಇವರ ಬಲಭುಜಕ್ಕೆ ಹಳೆಯ ನೋವು. ಊಟಕ್ಕೆ ಕೂತಾಗ ಎಡಗೈಯಲ್ಲಿ ನೀರಿನ ಜಗ್ಗು ಎತ್ತಿದ್ದನ್ನು ಅಮ್ಮ ನೋಡಿದಳು. ತನ್ನ ಮಂಡಿನೋವಿನ ಮಾತ್ರೆ ತಂದು ಎಂದಿನಂತೆ ಮುಂದಿಟ್ಟಳು.

“ಬೇಡ ಅತ್ತೆ, ನೋವಿಲ್ಲ.”

“ಹೋದ ತಿಂಗಳು ನೀನೇ ಕೇಳಿ ಇಸ್ಕೊಂಡೆ. ಈಗ ಮುಖ ಹಿಂಡ್ಕೊಂಡು ನೋವಿಲ್ಲ ಅಂತೀಯ.” ಅಮ್ಮ ಇವರನ್ನು ಬಿಟ್ಟು ನನ್ನ ಮುಖ ನೋಡಿದಳು. ನನ್ನ ಮುಖ ಎಂದೂ ನನ್ನ ಕಡೆಗೆ ನಿಂತಿದ್ದಲ್ಲ. ಎಲ್ಲ ಹೇಳಿಬಿಟ್ಟೆ.

ಮುಂದಿನ ವಾರ ಆಸ್ಪತ್ರೆಗೆ ಹೋದದ್ದು ಮೂವರೂ. ರೋಗಿ ಕೂರುವ ಕುರ್ಚಿಯಲ್ಲಿ ಅಮ್ಮನೇ ಕೂತಳು.

“ನನ್ನ ಲಿವರೇನಾದ್ರೂ ತರಲೆ ಮಾಡ್ತಿದೆಯಾ ಡಾಕ್ಟ್ರೇ?”

“ನಿಮ್ಮ ಲಿವರ್ ಚಿನ್ನದಂಥದು ಅಮ್ಮ. ತೊಂದರೆ ಮಾತ್ರೆದು. ಕಿಡ್ನಿಗೆ ಹೋಗೋ ಸಣ್ಣ ಸಣ್ಣ ರಕ್ತನಾಳನ ಅದು ಬಿಗಿ ಮಾಡುತ್ತೆ. ವರ್ಷಗಟ್ಟಲೆ ಹಾಗಾದ್ರೆ ಕಿಡ್ನಿ ಸೊರಗುತ್ತೆ.”

“ಹಾಗಾದ್ರೆ ನನ್ನದೊಂದು ಕಿಡ್ನಿ ತಗೊಳ್ಳಿ.”

ಇವರು ಮೊಣಕೈಯಿಂದ ನನ್ನನ್ನು ತಿವಿದರು. ಡಾಕ್ಟರು ನಕ್ಕರು. “ಅಲ್ಲಿವರೆಗೆ ಹೋಗಿಲ್ಲ. ಹೋದ್ರೂ, ಒಂದ್ಸಲ ಕೊಟ್ಟವರ ಹತ್ರ ಮತ್ತೆ ಕೈಚಾಚೋದಿಲ್ಲ.” ತನ್ನನ್ನು ಹಳೇ ಗಾಡಿಯಂತೆ ಮೂಲೆಗೆ ತಳ್ಳಿದರೆಂದು ಅಮ್ಮ ಮುಖ ಊದಿಸಿದಳು.

ಡಾಕ್ಟರು ಇವರ ಕಡೆ ತಿರುಗಿದರು. “ಆ ನೋವಿನ ಮಾತ್ರೆ ನಿಲ್ಲಿಸಿದ್ರಾ? ಮೊದಲೇ ಸೊರಗಿರೋ ಕಿಡ್ನಿಗೆ ಅದು ಮೇಲಿಂದ ಇನ್ನೊಂದು ಏಟು.”

“ನಿಲ್ಲಿಸಿದೀನಿ” ಎಂದರು ಇವರು, ನೆಲ ನೋಡುತ್ತ.

ಅಮ್ಮನ ಕೈ ಮಡಿಲಲ್ಲಿದ್ದ ಚೀಲದ ಬಾಯನ್ನು ಬಿಗಿಯಾಗಿ ಹಿಡಿಯಿತು. ಆ ಮಾತ್ರೆಗಳು ಅದರಲ್ಲೇ ಇದ್ದವು. “ಅದನ್ನ ಕೊಡ್ತಿದ್ದಿದ್ದು ನಾನು” ಎಂದಳು.

ಮೀಸೆಯ ಕಥೆಯೆಲ್ಲ ನನ್ನನ್ನು ನಗಿಸಿ ಬಾಯಿ ಮುಚ್ಚಿಸಲು ಹೇಳಿದ್ದೆಂದು ನನಗೆ ಆಗ ತಿಳಿಯಿತು. ಇವರು ಮುಚ್ಚಿಡಲು ನೋಡಿದ್ದು ಇದನ್ನು.

“ಮುಖ್ಯ ಕಾರಣ ಅದಲ್ಲಮ್ಮ” ಎಂದರು ಡಾಕ್ಟರು. “ತಗೊಳ್ಳೋ ಮುಂಚೆ ನಮ್ಮನ್ನ ಕೇಳ್ಬೇಕಾಗಿದ್ದಿದ್ದು ಇವರು, ನೀವಲ್ಲ.”

ಅಮ್ಮನ ಕಿವಿಗೆ ಅದು ಬಿದ್ದಂತಿರಲಿಲ್ಲ. ಮನೆಗೆ ಕಾರು ಓಡಿಸಿಕೊಂಡು ಬರುವಾಗ ಎದುರಿಗೆ ಅಡ್ಡಾದಿಡ್ಡಿ ನುಗ್ಗಿದ ಗಾಡಿಯವನಿಗೆ ಒಂದು ಮಾತೂ ಅನ್ನದೆ ದಾರಿ ಬಿಟ್ಟಳು. ನಾನು ಗಾಬರಿಯಾದೆ. ಆಮೇಲಿನ ದಿನಗಳಲ್ಲಿ ಇನ್ನೂ ಕೆಟ್ಟದ್ದಾಯಿತು. “ನೀರು ಕುಡಿದ್ರಾ?”, “ನೀವು ಮಲಗಿ” ಎಂದು ಇವರನ್ನು ಬಹುವಚನದಲ್ಲಿ ಮಾತಾಡಿಸತೊಡಗಿದಳು. ಉಪ್ಪು ಕಡಿಮೆ ಮಾಡಿದ ಅಡುಗೆಯನ್ನು ತುಟಿ ಬಿಚ್ಚದೆ ತಿಂದಳು. ಮನೆಯಲ್ಲಿ ಗಡಿಯಾರದ ಸದ್ದು ಕೇಳಿಸುತ್ತಿತ್ತು.

ಒಂದು ಬೆಳಿಗ್ಗೆ ಇವರು ಹೊಸ ಡೋಸಿನ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ಅಮ್ಮನ ಎದುರು ಹೋಗಿ ಕೂತರು.

“ಅತ್ತೆ, ನನಗೆ ಭಯ ಆಗ್ತಿದೆ. ಡೋಸ್ ಇಳಿಸಿದ್ರೆ ನಿಮ್ಮ ಲಿವರು ಮುನಿಸ್ಕೊಂಡು ಹೊರಟುಬಿಟ್ರೆ?”

“ಅದು ಹಾಗೆಲ್ಲ ಹೋಗಲ್ಲ” ಎಂದಳು ಅಮ್ಮ, ತಲೆ ಎತ್ತದೆ. “ನನ್ನ ಥರಾನೇ. ಕೂಗಾಡುತ್ತೆ, ಬಿಟ್ಟು ಹೋಗಲ್ಲ.”

“ಕೂಗಾಡ್ತಾನೇ ಇಲ್ಲವಲ್ಲ, ಅದಕ್ಕೇ ಭಯ. ವಾರದಿಂದ ಸದ್ದೇ ಇಲ್ಲ.”

ಅಮ್ಮ ಈಗ ತಲೆ ಎತ್ತಿದಳು. “ನನ್ನ ಕೈಯಾರೆ ಕೊಟ್ಟೆನಲ್ಲೋ.”

“ಕೈಯಾರೆ ನೀವು ಏನೇನು ಕೊಟ್ಟಿದೀರಿ ಅಂತ ತೂಗಿ ನೋಡಿ. ನಾಲ್ಕು ಮಾತ್ರೆ ಒಂದು ಕಡೆ, ಲಿವರು ಒಂದು ಕಡೆ. ತಕ್ಕಡಿ ಹಿಡಿಯೋಕೂ ಬರಲ್ವಾ ನಿಮಗೆ?”

ಅಮ್ಮ ಸೆರಗಿನಿಂದ ಮೂಗೊರೆಸಿಕೊಂಡಳು. “ಬಾಯಿ ಜಾಸ್ತಿಯಾಗಿದೆ ನಿನಗೆ. ಮೊದಲು ಅದನ್ನ ನುಂಗು.”

ನುಂಗಿದರು. ಮೊದಲ ಕೆಲವು ವಾರ ಲಿವರಿನ ಅಂಕಿಗಳು ಸ್ವಲ್ಪ ಮೇಲೇರಿ ನಮ್ಮ ನಿದ್ದೆ ಕೆಡಿಸಿದವು, ಆಮೇಲೆ ಇಳಿದು ತಣ್ಣಗಾದವು. ಕಿಡ್ನಿಯದು ಹೋದದ್ದು ಹೋಯಿತು, ಹಿಂದಕ್ಕೆ ಬರಲಿಲ್ಲ. ಆದರೆ ಜಾರುವುದು ನಿಂತಿತು. ಇರುವುದನ್ನು ಉಳಿಸಿಕೊಂಡರೆ ಸಾಕಷ್ಟು ದೂರ ಹೋಗಬಹುದು ಎಂದರು ಡಾಕ್ಟರು.

ಭುಜದ ನೋವಿಗೆ ಈಗ ಮಾತ್ರೆಯಿಲ್ಲ, ಬಿಸಿನೀರಿನ ಚೀಲ ಮತ್ತು ವ್ಯಾಯಾಮ. ಅಂಗಡಿಯ ಗೋಡೆಯ ಮೇಲೆ ಬೆರಳುಗಳನ್ನು ಹಲ್ಲಿಯ ಹಾಗೆ ನಿಧಾನಕ್ಕೆ ಹತ್ತಿಸಬೇಕು. ಅದನ್ನು ಮಾಡಿಸುವ ಹೊಣೆ ಅಮ್ಮನದು. ಮೊನ್ನೆ ಕುರ್ಚಿಯ ಬಟ್ಟೆ ಆರಿಸಲು ಬಂದ ಹೆಂಗಸು ಬಾಗಿಲಲ್ಲೇ ನಿಂತುಬಿಟ್ಟರು. ಒಳಗೆ ಇವರು ಗೋಡೆಗೆ ಮುಖ ಮಾಡಿ ಕೈ ಎತ್ತಿ ನಿಂತಿದ್ದರು, ಹಿಂದೆ ಅಮ್ಮ ಸ್ಟೂಲಿನ ಮೇಲೆ ಕೂತು “ಇನ್ನೂ ಮೇಲೆ, ಇನ್ನೂ ಮೇಲೆ” ಎಂದು ಗದರುತ್ತಿದ್ದಳು.

“ಪಾಪ, ಏನು ತಪ್ಪು ಮಾಡಿದ್ರು ಇವರು?” ಎಂದು ಆಕೆ ನನ್ನ ಕಿವಿಯಲ್ಲಿ ಕೇಳಿದರು.

“ಏನಿಲ್ಲ, ಅವರು ಇವರ ಅತ್ತೆ” ಎಂದೆ.

ಆಕೆಗೆ ಅಷ್ಟೇ ಸಾಕಾಯಿತು. ತಲೆಯಾಡಿಸಿ, ಬಟ್ಟೆಯ ಮಾದರಿಗಳನ್ನು ತಿರುವಿಹಾಕಲು ಕೂತರು.