ಸಾಯಬಮ್ಮನ ಮೂರು ಸುತ್ತು

ನಮ್ಮ ಚಿಗವ್ವ ಸಾಯಬಮ್ಮನ ಹೆಸರು ದರ್ಗಾದ್ದು, ಕೈಗುಣ ಎಲ್ಲಮ್ಮನದು, ಪ್ರಾರ್ಥನೆ ಯೇಸುವಿನದು. ಈ ಮೂರೂ ಒಂದನ್ನೊಂದು ತಳ್ಳಾಡದೆ ಎಷ್ಟೋ ವರ್ಷಗಳಿಂದ ಒಂದೇ ಮೈಯಲ್ಲಿ ಬಾಳಿಕೊಂಡು ಬಂದಿದ್ದವು. ತಕರಾರು ಶುರುವಾದದ್ದು ಓದಿಕೊಂಡ ನಮ್ಮಂಥವರಿಂದ.

ನಾನು ಶಹಾಪುರದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮಾಸ್ತರ, ಜೊತೆಗೆ ನಮ್ಮ ಚರ್ಚಿನ ಕಾರ್ಯದರ್ಶಿ. ಹೀಗಾಗಿ ಮೂಢನಂಬಿಕೆಯನ್ನು ಬೈಯುವ ಹಕ್ಕು ನನಗೆ ಎರಡೂ ಕಡೆಯಿಂದ ಬಂದಿದೆ ಎಂದು ತಿಳಿದಿದ್ದೆ. ಎರಡು ವರ್ಷದ ಹಿಂದೆ ಯಾದಗಿರಿಯ ಒಂದು ಕೂಟದಲ್ಲಿ ಮಾಟಮಂತ್ರದ ವಿರುದ್ಧ ಹನ್ನೆರಡು ಪುಟದ ಪ್ರಬಂಧ ಓದಿ ಶಾಲು ಹೊದಿಸಿಕೊಂಡೆ. ಅದನ್ನು ಬರೆಯುವಾಗ ಒಂಬತ್ತನೆಯ ಪುಟಕ್ಕೆ ತಲೆ ಸಿಡಿಯತೊಡಗಿ ಪೆನ್ನು ನಿಂತುಬಿಟ್ಟಿತ್ತು. ಹಿತ್ತಲ ಬಾಗಿಲಿನಿಂದ ಚಿಗವ್ವನನ್ನು ಕರೆಸಿ ನದರು ತೆಗೆಸಿಕೊಂಡ ಮೇಲೆಯೇ ಉಳಿದ ಮೂರು ಪುಟ ಬರೆದದ್ದು. ಆ ಮೂರು ಪುಟಗಳೇ ಚೆನ್ನಾಗಿದ್ದವೆಂದು ಹಲವರು ಹೇಳಿದರು.

ನದರು ಎಂದರೆ ಕೆಟ್ಟ ಕಣ್ಣು ತಾಗುವುದು. ಅದನ್ನು ತೆಗೆಯಲು ಚಿಗವ್ವ ಐದು ಒಣಮೆಣಸಿನಕಾಯಿ, ಒಂದು ಹಿಡಿ ಉಪ್ಪು ಮುಷ್ಟಿಯಲ್ಲಿ ಹಿಡಿದು ತಲೆಯ ಸುತ್ತ ಇಳಿಸಿ, ಥೂ ಎಂದು ಉಗುಳಿ ಕೆಂಡಕ್ಕೆ ಹಾಕುತ್ತಾಳೆ. ಮೆಣಸಿನಕಾಯಿ ಘಾಟೆದ್ದು ಎಲ್ಲರೂ ಕೆಮ್ಮಿದರೆ ನದರು ಇರಲಿಲ್ಲ. ಘಾಟು ಬರದಿದ್ದರೆ ಇತ್ತು, ಹೋಯಿತು. ಮದುವೆಗೆ ಮುಂಚೆ, ಸುರಪುರದ ಹತ್ತಿರದ ತವರಿನಲ್ಲಿ, ಏಳು ದೇವಿಯರ ಹೆಸರು ಹೇಳಿ ಏಳು ಸುತ್ತು ಇಳಿಸುತ್ತಿದ್ದಳಂತೆ. ಮದುವೆಯಾಗಿ ಬಂದು ದೀಕ್ಷಾಸ್ನಾನವಾದ ಮೇಲೆ ತಂದೆ, ಮಗ, ಪವಿತ್ರಾತ್ಮ ಎಂದು ಮೂರಕ್ಕೆ ಇಳಿಸಿಕೊಂಡಳು. ಕೈನೋವೂ ಕಡಿಮೆಯಾಯಿತು. ಇದು ಕ್ರಿಸ್ತನ ಉಪಕಾರವೆಂದೇ ಅವಳ ನಂಬಿಕೆ. ವಡಗೇರಾದಿಂದ ಬಸ್ಸು ಹತ್ತಿ ಕೂಸುಗಳನ್ನು ಎತ್ತಿಕೊಂಡು ಬರುವ ತಾಯಂದಿರಿಂದ ಅವಳು ಒಂದು ಎಲೆ ಅಡಿಕೆಯನ್ನೂ ಮುಟ್ಟುವುದಿಲ್ಲ.

ನಮ್ಮ ಚರ್ಚಿನ ದೇವಕಮ್ಮನ ಮೊಮ್ಮಗನ ದೀಕ್ಷಾಸ್ನಾನದ ದಿನ ಎಡವಟ್ಟಾಯಿತು. ಪಾಸ್ಟರು ಕೂಸಿನ ತಲೆಗೆ ನೀರು ಹಾಕಿ ಹತ್ತು ನಿಮಿಷವಾಗಿರಲಿಲ್ಲ, ಚರ್ಚಿನ ಗೇಟಿನಲ್ಲೇ ಚಿಗವ್ವ ಅದೇ ತಲೆಗೆ ಉಪ್ಪು ಮೆಣಸಿನಕಾಯಿ ಇಳಿಸುತ್ತಿದ್ದಳು. ಪಾಸ್ಟರ್ ಪ್ರವೀಣಕುಮಾರ ಹೊಸಬರು, ವಯಸ್ಸು ಮೂವತ್ತು, ತಾವು ಹಾಕಿದ ನೀರಿನ ಮೇಲೆ ಇನ್ನೊಂದು ಬಂದೋಬಸ್ತು ಬೇಕಾಯಿತೇ ಎಂದು ನೊಂದರು. ಇದು ಬಾನಾಮತಿಯ ತಂಗಿ ಎಂದುಬಿಟ್ಟರು. ಬಾನಾಮತಿ ಎಂದರೆ ನಮ್ಮ ಸೀಮೆಯಲ್ಲಿ ಮನುಷ್ಯರನ್ನು ಹಾಳುಮಾಡಲು ಹೂಡುವ ಮಾಟ. ಆ ಮಾತು ಯಾರ ಮೇಲೆ ಬಿದ್ದರೂ ಬೇಗ ತೊಳೆದು ಹೋಗುವುದಿಲ್ಲ. ವಿಚಾರಣೆ ಮುಗಿಯುವ ತನಕ ಸಾಯಬಮ್ಮನಿಗೆ ಕರ್ತನ ಭೋಜನವಿಲ್ಲ ಎಂದು ತೀರ್ಮಾನವಾಯಿತು.

ಕರ್ತನ ಭೋಜನ ನಮ್ಮಲ್ಲಿ ತಿಂಗಳಿಗೊಮ್ಮೆ, ಮೊದಲ ಭಾನುವಾರ: ಒಂದು ತುಣುಕು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ. ಚಿಗವ್ವ ನಲವತ್ತೆಂಟು ವರ್ಷಗಳಲ್ಲಿ ಒಂದನ್ನೂ ತಪ್ಪಿಸಿದವಳಲ್ಲ. ಗಂಡ ಸತ್ತ ಮೂರನೆಯ ದಿನ ಕೂಡ ಬಿಳಿ ಸೀರೆಯುಟ್ಟು ಬಂದು ಕೈಯೊಡ್ಡಿದ್ದಳು. ತೀರ್ಮಾನ ತಿಳಿಸಲು ನಾನು ಹೋದಾಗ ಜಗಳವಾಡಲಿಲ್ಲ.

"ಬೈಲಿ, ದಂಡ ಹಾಕಲಿ. ರೊಟ್ಟಿ ಒಂದು ಬಿಡಸಬ್ಯಾಡ್ರಿ ಅಂತ ಹೇಳೋ ಕಾಂತ್ಯಾ," ಎಂದಳು.

ನಾನು ಹೇಳಲಿಲ್ಲ. ಹೇಳಲು ಹೋದರೆ, ಮಾಸ್ತರೇ, ಅವಳ ಕೈಗುಣ ನಿಮಗೆ ಹೇಗೆ ಗೊತ್ತು ಎಂದು ಯಾರಾದರೂ ಕೇಳಬಹುದಿತ್ತು.

ವಿಚಾರಣಾ ಸಮಿತಿಯಲ್ಲಿ ಮೂವರು: ಪಾಸ್ಟರು, ಖಜಾಂಚಿ ಮರಿಲಿಂಗಪ್ಪ, ನಾನು. ಎರಡು ಸಲ ಕೂತು ವಾಕ್ಯಗಳನ್ನು ತಿರುವಿಹಾಕಿದೆವು. ಮಾಟಗಾರರನ್ನು ಉಳಿಸಬೇಡಿ ಎನ್ನುವ ಕಡೆ ಪಾಸ್ಟರು ಬೆರಳಿಟ್ಟರೆ, ಕರ್ತನೇ ಉಗುಳಿನಿಂದ ಮಣ್ಣು ಕಲಸಿ ಕುರುಡನ ಕಣ್ಣಿಗೆ ಹಚ್ಚಿದ ಕಡೆ ಮರಿಲಿಂಗಪ್ಪ ಬೆರಳಿಟ್ಟ. ಮೆಣಸಿನಕಾಯಿಯ ಪ್ರಸ್ತಾಪ ಎಲ್ಲೂ ಸಿಗಲಿಲ್ಲ. ಕೊನೆಗೆ ಪಾಸ್ಟರು ಒಂದು ಪರೀಕ್ಷೆ ಸೂಚಿಸಿದರು. ನಮ್ಮೆದುರೇ ಅವಳು ಯಾರದಾದರೂ ನದರು ತೆಗೆಯಲಿ. ಬೇನೆ ಹೋದರೆ ಅದರಲ್ಲಿ ಏನೋ ಶಕ್ತಿ ಇದೆ, ಅದು ಮೇಲಿನಿಂದ ಬಂದದ್ದಲ್ಲ, ಭೋಜನವಿಲ್ಲ. ಹೋಗದಿದ್ದರೆ ಅದು ಬರೀ ಹಳೆಯ ರೂಢಿ, ಬುದ್ಧಿ ಹೇಳಿ ಬಿಟ್ಟುಬಿಡೋಣ. ಬೇನೆ ಯಾರಿಗಿದೆ ಎಂಬ ಪ್ರಶ್ನೆ ಬಂತು. ಬೆಳಗಿನಿಂದ ಎಂಬತ್ತು ಉತ್ತರ ಪತ್ರಿಕೆ ತಿದ್ದಿದ್ದ ನಾನು ಹಣೆ ಒತ್ತಿಕೊಳ್ಳುತ್ತ ಕೂತಿದ್ದೆ. ಇಬ್ಬರೂ ನನ್ನ ಕಡೆ ನೋಡಿದರು.

ಅಂದೇ ಮಧ್ಯಾಹ್ನ, ತಿಂಗಳ ಮೊದಲ ಭಾನುವಾರದ ಹಿಂದಿನ ಶನಿವಾರ, ಚರ್ಚಿನ ಬೇವಿನ ಮರದಡಿ, ಪಾಸ್ಟರ ಮನೆಯ ಹಳೆಯ ಬೋಗುಣಿಯಲ್ಲಿ ಕೆಂಡ. ನಾನು ಮೊದಲ ಸಲ ಮಾಡಿಸಿಕೊಳ್ಳುವವನಂತೆ, ಎಲ್ಲಿ ಕೂಡಬೇಕು, ಯಾವ ದಿಕ್ಕಿಗೆ ಮುಖ ಎಂದೆಲ್ಲ ಕೇಳಿದೆ. ಚಿಗವ್ವ ನನ್ನನ್ನು ಒಂದು ಕ್ಷಣ ನೋಡಿ, ಪೂರ್ವಕ್ಕೆ ಎಂದಷ್ಟೇ ಹೇಳಿದಳು. ಮೂರು ಸುತ್ತು ಇಳಿಸಿದಳು. ಕೆಂಡಕ್ಕೆ ಹಾಕಿದಳು. ಮೂವರೂ ಕರವಸ್ತ್ರ ಮೂಗಿಗೆ ಹಿಡಿದು ಕಾದೆವು. ಉಪ್ಪು ಚಟಚಟ ಸಿಡಿಯಿತು, ಮೆಣಸಿನಕಾಯಿ ಕರ್ರಗಾಯಿತು. ಒಂದು ಕೆಮ್ಮೂ ಇಲ್ಲ.

"ಘಾಟ ಬರಲಿಲ್ಲಲ್ರಿ," ಎಂದ ಮರಿಲಿಂಗಪ್ಪ, ಕರವಸ್ತ್ರ ತೆಗೆದು.

"ಯಾರದಂತ?" ಎಂದರು ಪಾಸ್ಟರು.

ನದರು ಎಂಬುದು ಇದೆಯೋ ಇಲ್ಲವೋ ಎಂದು ನಿರ್ಣಯಿಸಲು ಕೂತ ಸಮಿತಿ ಅಲ್ಲಿಂದ ನೇರವಾಗಿ ಅದು ಯಾರದು ಎಂಬಲ್ಲಿಗೆ ಜಿಗಿಯಿತು. ಹೋದ ಭಾನುವಾರ ನನ್ನ ಹೊಸ ಅಂಗಿಯನ್ನು ಪಾಸ್ಟರೇ ಬಹಳ ಹೊಗಳಿದ್ದನ್ನು ಮರಿಲಿಂಗಪ್ಪ ನೆನಪಿಸಿದ. ಹೊಗಳಿದ್ದು ಪ್ರೀತಿಯಿಂದ ಎಂದು ಪಾಸ್ಟರು ಕೆಂಪಗಾದರು. ಹಾಗೆ ನೋಡಿದರೆ ಕಾರ್ಯದರ್ಶಿಯ ಕುರ್ಚಿಯ ಮೇಲೆ ಯಾರ ಕಣ್ಣಿದೆ ಎಂಬುದು ಶಹಾಪುರಕ್ಕೆಲ್ಲ ಗೊತ್ತು ಎಂದೂ ಸೇರಿಸಿದರು. ನಾನು ಸಮಾಧಾನ ಮಾಡುವವನಂತೆ ಇಬ್ಬರ ಮುಖವನ್ನೂ ಸೂಕ್ಷ್ಮವಾಗಿ ಪರೀಕ್ಷಿಸಿದೆ. ನನಗೆ ಮರಿಲಿಂಗಪ್ಪನ ಮೇಲೆಯೇ ಗುಮಾನಿ. ಚಿಗವ್ವ ಬೋಗುಣಿಯ ಬೂದಿ ಕೆದಕುತ್ತ ತನಗೇನೂ ಸಂಬಂಧವಿಲ್ಲದಂತೆ ಕೂತಿದ್ದಳು.

ಅರ್ಧ ಗಂಟೆಯ ಮೇಲೆ ಪಾಸ್ಟರಿಗೆ ಪರೀಕ್ಷೆಯ ನೆನಪಾಯಿತು. "ಮಾಸ್ತರ್, ತಲೆನೋವು?"

ತಲೆನೋವು ಹೋಗಿತ್ತು. ಪೂರ್ತಿ ಹೋಗಿತ್ತು. ತೊಳೆದ ಹಲಗೆಯ ಹಾಗಿತ್ತು ತಲೆ. ವಿಜ್ಞಾನದ ಮಾಸ್ತರನಾಗಿ ನನ್ನ ಬಳಿ ಇದಕ್ಕೆ ನಾಲ್ಕು ಕಾರಣಗಳಿದ್ದವು: ನೆರಳು, ವಿಶ್ರಾಂತಿ, ಜಗಳದ ಮಜಾ, ಕಾಕತಾಳೀಯ. ಆದರೆ ಕೇಳಿದ್ದು ಕಾರಣವನ್ನಲ್ಲ. ಹೋಗಿದೆ ಎಂದರೆ ಮುದುಕಿಯ ರೊಟ್ಟಿ ಹೋಗುತ್ತದೆ.

"ಹಂಗೇ ಅದರಿ," ಎಂದೆ.

ಪಾಸ್ಟರ ಮುಖದಲ್ಲಿ ನಿರಾಳ. ಬರೀ ರೂಢಿ, ದೋಷವಿಲ್ಲ, ನಾಳೆ ಬರಬಹುದು ಎಂದರು. ಇಷ್ಟು ದಿನದಲ್ಲಿ ಮೊದಲ ಸಲ ಚಿಗವ್ವನಿಗೆ ಉಪಯೋಗವಾದೆನೆಂದು ನನಗೆ ಒಳಗೊಳಗೇ ಹೆಮ್ಮೆ. ಅವಳು ಮಾತ್ರ ಬೋಗುಣಿ ಬಿಟ್ಟು ನನ್ನ ಹತ್ತಿರ ಬಂದು ಹಣೆಗೆ ಕೈಯಿಟ್ಟು, ಒಂದೀಟೂ ಕಡಿಮೆ ಆಗಿಲ್ಲೇನೋ ಎಂದು ಕೇಳಿದಳು. ಇಲ್ಲ ಎಂದೆ. ಕೈ ತೆಗೆದಳು. ಸೆರಗಿನಲ್ಲಿ ಉಳಿದಿದ್ದ ಉಪ್ಪನ್ನು ಬೇವಿನ ಬುಡಕ್ಕೆ ಕೊಡವಿ ಮನೆಗೆ ಹೋದಳು.

ಭಾನುವಾರ ಬಿಳಿ ಸೀರೆಯುಟ್ಟು ಬಂದಳು. ಆದರೆ ಸಾಲು ಎದ್ದು ಮುಂದೆ ಹೋದಾಗ ಅವಳು ಏಳಲಿಲ್ಲ. ತಟ್ಟೆ ಹಿಡಿದ ಪಾಸ್ಟರು ಒಮ್ಮೆ ಆ ಕಡೆ ನೋಡಿದರು. ನಾನು ಸಾಲು ಬಿಟ್ಟು ಅವಳ ಪಕ್ಕ ಹೋಗಿ ಕೂತೆ. ತಡೆ ತೆಗೆದಾರಲ್ಲ, ಯಾಕೆ ಏಳಲಿಲ್ಲ ಎಂದು ಪಿಸುಗುಟ್ಟಿದೆ.

"ಇಷ್ಟ ವರ್ಷ ಅವನ ಹೆಸರು ತಗೊಂಡು ಕೈ ಆಡಿಸೀನಿ," ಎಂದಳು, ಮುಖ ತಿರುಗಿಸದೆ. "ನಿನ್ನಿ ಕೇಳಲಿಲ್ಲ ಅವ. ನನ್ನ ಮ್ಯಾಲ ಸಿಟ್ಟಾಗ್ಯಾನ. ಯಾವ ಮಾರಿಲೆ ಕೈ ಒಡ್ಡಲಿ?"

ಹನ್ನೆರಡು ಪುಟ ಬರೆದವನಿಗೆ ಇದು ಹೊಳೆದಿರಲಿಲ್ಲ. ಅವಳ ರೊಟ್ಟಿ ಉಳಿಸಲು ಹೋಗಿ ಅವಳ ದೇವರನ್ನೇ ಕಿವುಡು ಮಾಡಿದ್ದೆ.

"ಕೇಳ್ಯಾನ ಚಿಗವ್ವ. ನಿನ್ನಿನೇ ಹೋಗ್ಯಾದ ತಲಿಬ್ಯಾನಿ. ಆಗಿಂದಾಗ."

ಈಗ ತಿರುಗಿದಳು. "ಮತ್ತ ಅವರ ಮುಂದ ಯಾಕ ಹಂಗಂದಿ?"

"ನಿನಗ ರೊಟ್ಟಿ ಸಿಗಲಿ ಅಂತ."

"ಸುಳ್ಳು ಹೇಳಿ?"

"ಹೌದು."

ಅವಳ ಮುಖ ಬೆಳಗಿತು. ಆದರೆ ನನ್ನ ಮೇಲಿನ ಮಮತೆಯಿಂದಲ್ಲ. ಸೆರಗು ತಲೆಗೆಳೆದುಕೊಂಡು ಎದ್ದಳು. ಹಿಂದೆಯೇ ನಾನೂ ಎದ್ದೆ. ಭುಜ ಒತ್ತಿ ನನ್ನನ್ನು ಬೆಂಚಿಗೆ ಕೂಡಿಸಿದಳು.

"ದೇವರ ಗುಡಿ ಅಂಗಳದಾಗ ಕುಂತು ಸುಳ್ಳು ಹೇಳಿದಾಂವ ಹೆಂಗ ಬರ್ತಿ? ಮೊದಲು ಅವರ ಮುಂದ ಖರೇ ಹೇಳು. ಆಮ್ಯಾಲ ನೋಡೂಣು."

ಖರೆ ಹೇಳಿದರೆ ನಿನಗೇ ರೊಟ್ಟಿ ತಪ್ಪುತ್ತದೆ ಎಂದು ನೆನಪಿಸಿದೆ. ತಪ್ಪಿಸೋರು ಅವರಲ್ಲ ಎಂದು ಹೇಳಿ ಅವಳು ಸಾಲಿನ ಕೊನೆಗೆ ಹೋಗಿ ನಿಂತಳು.

ಪಾಸ್ಟರು ಅವಳ ಅಂಗೈಯಲ್ಲಿ ತುಣುಕು ಇಟ್ಟರು. ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ನಿಂತಳು. ತಟ್ಟೆಯಲ್ಲಿ ಒಂದೇ ತುಣುಕು ಉಳಿದಿತ್ತು. ಚರ್ಚಿನ ಕಾರ್ಯದರ್ಶಿ ಬೆಂಚಿನಲ್ಲಿ ಕೂತದ್ದನ್ನು ಕಂಡು ಪಾಸ್ಟರು, ಮಾಸ್ತರು ಬರೋದಿಲ್ಲೇನು ಎಂದು ಮೆಲ್ಲಗೆ ಕೇಳಿದರು. ಇಡೀ ಸಭೆ ತಿರುಗಿ ನೋಡಿತು.

"ಅವ ಮುಂದಿನ ತಿಂಗಳು ಬರ್ತಾನ್ರಿ," ಎಂದಳು ಚಿಗವ್ವ. "ನಿಮ್ಮ ಕೂಡ ಒಂದು ಮಾತು ಆಡೋದು ಅದ ಅವಂದು."